ನನ್ನ ಶಾಲೆಯಲ್ಲಿ ನನ್ನ ಮಗಳು

೫ ಜೂನ್ ೧೯೭೮, ಸೋಮವಾರ

ಇವತ್ತು ಶಾಲೆ ಶುರುವಾಯಿತು. ಬಾಗಲೂರಿನ ಈ ಪ್ರೌಢಶಾಲೆಗೆ ನಾನು ಹೆಡ್‌ಮಾಸ್ಟರಾಗಿ ಬಂದು ಇದು ಏಳನೆಯ ವರ್ಷ. ಹತ್ತನೆಯ ತರಗತಿಯ ಗಣಿತವನ್ನು ಈ ಸಲವೂ ನಾನೇ ಇಟ್ಟುಕೊಂಡಿದ್ದೇನೆ. ವ್ಯತ್ಯಾಸ ಇಷ್ಟೇ, ಈ ಸಲ ಆ ತರಗತಿಯಲ್ಲಿ ನನ್ನ ಮಗಳು ಕೂತಿದ್ದಾಳೆ.

ಹಾಜರಿ ಕೂಗುವಾಗ ರೆಹಾನಾಳ ನಂಬರು ಬಂದಾಗ ನಾನು ತಲೆ ಎತ್ತಲಿಲ್ಲ. "ಯೆಸ್ ಸಾರ್" ಅಂದಳು. ಬೆಳಿಗ್ಗೆ ಅದೇ ದನಿ, "ಅಬ್ಬಾ, ನಿಮ್ಮ ಕನ್ನಡಕ ಹಿತ್ತಲ ಕಟ್ಟೆ ಮೇಲಿದೆ" ಅಂದಿತ್ತು. ಎಂಟನೆಯ ತರಗತಿಗೆ ಸೇರಿಸಿದ ದಿನವೇ ನಾವಿಬ್ಬರೂ ಮಾಡಿಕೊಂಡ ಒಪ್ಪಂದ ಇದು. ಗೇಟಿನೊಳಗೆ ಅಪ್ಪನೂ ಇಲ್ಲ, ಮಗಳೂ ಇಲ್ಲ. ಮೇಷ್ಟ್ರು ತಮ್ಮ ಮಗಳಿಗೆ ಸಡಿಲ ಬಿಟ್ಟರು ಎಂದು ಊರಿನವರು ಒಂದು ಮಾತು ಆಡಬಾರದು. ಎರಡು ವರ್ಷ ಯಾರೂ ಆಡಿಲ್ಲ.

ರಾತ್ರಿ ಊಟಕ್ಕೆ ಬಡಿಸುತ್ತಾ ಹೆಂಡತಿ ಜೈಬುನ್ನೀಸಾ ಕೇಳಿದಳು, "ಇದೊಂದು ವರ್ಷ. ಆಮೇಲೆ ಯಾರ ಮುಂದೆ ಇಷ್ಟು ಬಿಗಿಯಾಗಿ ನಿಲ್ತೀರಿ?"

ಈ ವರ್ಷದ್ದನ್ನು ಬರೆದಿಡೋಣ ಎನ್ನಿಸಿತು. ಮನೆಯಲ್ಲಿ ನಮ್ಮದು ದಖನಿ ಮಾತು, ಬರೆಯಲು ಕೂತರೆ ನನಗೆ ಬರುವುದು ಕನ್ನಡವೇ. ನನ್ನ ಹೆಂಡತಿಗೆ ಕನ್ನಡ ಓದಲು ಬಾರದು, ಹಾಗಾಗಿ ಈ ನೋಟ್‌ಬುಕ್ಕನ್ನು ಬಚ್ಚಿಡುವ ಕಷ್ಟವೂ ಇಲ್ಲ. ಹೊರಗೆ ಹೇಳಲಾಗದ ಒಂದು ಮಾತನ್ನು ಇಲ್ಲಿ ಹೇಳಬಹುದು. ಬರುವ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಈ ಶಾಲೆಗೆ ಮೊದಲು ಬರುವವಳು ನನ್ನ ಮಗಳು.

೨೮ ಜೂನ್

ರೆಹಾನಾಳಿಗೆ ಸಾಟಿ ಎಂದರೆ ಒಬ್ಬಳೇ, ಅಕ್ಕಯಮ್ಮ. ದ್ರಾಕ್ಷಿ ತೋಟದ ಮುನಿಕೃಷ್ಣಪ್ಪನ ಹಿರಿಯ ಮಗಳು. ಅಜ್ಜಿಯ ಹೆಸರನ್ನು ಇಟ್ಟಿದ್ದಾರೆ, ಹುಡುಗರು ನಗುತ್ತಾರೆ. ಅವಳು ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ರೆಹಾನಾ ಅವಳನ್ನು 'ಅಕ್ಕಿ' ಅನ್ನುತ್ತಾಳೆ. ಇವತ್ತು ನಾನು ಬೋರ್ಡಿನ ಮೇಲೆ ಆರು ಸಾಲಿನಲ್ಲಿ ಬಿಡಿಸಿದ ಲೆಕ್ಕವನ್ನು ಆ ಹುಡುಗಿ ಮೂರು ಸಾಲಿನಲ್ಲಿ ಬಿಡಿಸಿ ತೋರಿಸಿದಳು. ಸರಿಯಾಗಿತ್ತು. "ಸರಿ, ಕೂತ್ಕೊ" ಅಂದೆ. ಇನ್ನೆರಡು ಮಾತು ಹೊಗಳಬಹುದಿತ್ತು.

೧೫ ಆಗಸ್ಟ್, ಮಂಗಳವಾರ

ರಂಜಾನ್ ತಿಂಗಳು, ನಮ್ಮ ಮನೆಯಲ್ಲಿ ಎಲ್ಲರಿಗೂ ಉಪವಾಸ. ಬಾವುಟದ ಕಾರ್ಯಕ್ರಮಕ್ಕೆ ಬಂದವರು ತಡವಾಗಿ ಬಂದು ಉದ್ದುದ್ದ ಮಾತಾಡಿದರು. ಮಕ್ಕಳ ಸಾಲಿನ ಮುಂದೆ ನಿಂತು ಕವಾಯತಿನ ಆಜ್ಞೆ ಕೊಡುತ್ತಿದ್ದವಳು ರೆಹಾನಾ. ಬಿಸಿಲು ಏರಿತ್ತು. ವಿಜ್ಞಾನದ ಮೇಷ್ಟ್ರು ಗುರುಪಾದಪ್ಪನವರು ನನ್ನ ಕಿವಿಯಲ್ಲಿ, "ಸಾರ್, ರೋಜಾ ಅಲ್ವಾ, ಮಗೂನ ನೆರಳಿಗೆ ಕಳ್ಸಿ" ಅಂದರು. ನಾನು ಕಳಿಸಲಿಲ್ಲ. ಆಮೇಲೆ ಅವರೇ ಹೋಗಿ ಕರೆದರಂತೆ. "ಎಲ್ಲರೂ ನಿಂತಿದ್ದಾರಲ್ಲ ಸಾರ್" ಅಂದಳಂತೆ.

ನನ್ನಿಂದ ಕಲಿತದ್ದು ಅದು. ಹೆಮ್ಮೆಪಟ್ಟೆ. ಸಂಜೆ ಇಫ್ತಾರಿಗೆ ಖರ್ಜೂರ ಬಾಯಿಗಿಟ್ಟುಕೊಂಡಾಗ ಅವಳ ತುಟಿ ಒಡೆದಿರುವುದು ಕಂಡಿತು.

೨೯ ಸೆಪ್ಟೆಂಬರ್

ಅರ್ಧವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ಅಕ್ಕಯಮ್ಮ ಮುಂದೆ, ರೆಹಾನಾ ಹಿಂದೆ. ಉತ್ತರಪತ್ರಿಕೆಗಳನ್ನು ಮತ್ತೊಮ್ಮೆ ತಿದ್ದಿ ನೋಡಿದೆ. ಅಂಕ ಬದಲಾಗಲಿಲ್ಲ.

"ಕೊನೆಯ ಲೆಕ್ಕ ಯಾಕೆ ಬಿಟ್ಟೆ?" ಎಂದು ಮನೆಯಲ್ಲಿ ಕೇಳಿದೆ.

"ಬರಲಿಲ್ಲ ಅಬ್ಬಾ. ಅಕ್ಕಿ ಮಾಡಿರೋದು ನೋಡಿದ್ರಾ? ಎಷ್ಟು ಚಂದ ಮಾಡಿದ್ದಾಳೆ!"

ಅವಳಿಗೆ ಹೊಟ್ಟೆಕಿಚ್ಚೇ ಇಲ್ಲ. ಇದು ಗುಣವೋ ಕೊರತೆಯೋ ನನಗೆ ಗೊತ್ತಾಗುತ್ತಿಲ್ಲ.

೧೬ ನವೆಂಬರ್, ಗುರುವಾರ

ದೀಪಾವಳಿಯಾದ ಮೇಲೆ ಅಕ್ಕಯಮ್ಮ ಶಾಲೆಗೆ ಬಂದಿಲ್ಲ. ಅವಳ ತಾಯಿ ಯಲ್ಲಮ್ಮ ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟ ಪೆಟ್ಟು ಮಾಡಿಕೊಂಡಿದ್ದಾಳೆ, ಹಾಸಿಗೆಯಿಂದ ಏಳುವ ಹಾಗಿಲ್ಲ. ಮನೆಯ ಕೆಲಸವೆಲ್ಲ ಹುಡುಗಿಯ ತಲೆಯ ಮೇಲೆ ಬಿದ್ದಿದೆಯಂತೆ. ಹಳ್ಳಿಯ ಶಾಲೆಯಲ್ಲಿ ಇದು ಹೊಸದಲ್ಲ. ಪ್ರತಿ ವರ್ಷ ಒಂದಿಬ್ಬರು ಹೀಗೆ ನಿಲ್ಲುತ್ತಾರೆ.

ಗಣಿತದ ಪೀರಿಯಡ್ಡಿನಲ್ಲಿ ರೆಹಾನಾ ಎದ್ದು ನಿಂತಳು.

"ಸಾರ್, ಅಕ್ಕಯಮ್ಮ ಬರ್ತಾ ಇಲ್ಲ."

"ಹಾಜರಿ ಪುಸ್ತಕ ನನ್ನ ಹತ್ರಾನೇ ಇದೆ. ಕೂತ್ಕೊ."

"ಸಾರ್, ನೀವು ಒಂದ್ಸಲ ಅವ್ರ ಮನೆಗೆ ಹೋಗಿ ಹೇಳಿದ್ರೆ ಅವ್ರಪ್ಪ ಕೇಳ್ತಾರೆ."

"ಮನೆ ಮನೆಗೆ ಹೋಗಿ ಮಕ್ಕಳನ್ನು ಕರೆದು ತರೋದು ಹೆಡ್‌ಮಾಸ್ಟರ ಕೆಲಸ ಅಲ್ಲ. ಕೂತ್ಕೊ ಅಂದೆ."

ಕೂರಲಿಲ್ಲ. "ಹಾಗಾದ್ರೆ ಅದು ಯಾರ ಕೆಲಸ ಸಾರ್?"

ಎದುರುತ್ತರವಲ್ಲ ಅದು. ನಿಜವಾಗಿಯೂ ತಿಳಿಯಬೇಕೆಂದು ಕೇಳಿದಳು. ಆದರೆ ಇಡೀ ತರಗತಿ ನನ್ನ ಮುಖವನ್ನೇ ನೋಡುತ್ತಿತ್ತು. ಬೆಂಚಿನ ಮೇಲೆ ಹತ್ತಿಸಿ ಗಂಟೆ ಬಾರಿಸುವವರೆಗೂ ನಿಲ್ಲಿಸಿದೆ. ಬೇರೆ ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. "ನಕ್ಕೋ ಜೀ, ನನ್ನ ಜೊತೆ ಮಾತಾಡಬೇಡಿ" ಎಂದು ಜೈಬುನ್ನೀಸಾ ತಟ್ಟೆ ಕುಕ್ಕಿ ಹೋದಳು. ನನಗೆ ರೊಟ್ಟಿ ತಂದು ಬಡಿಸಿದವಳು ರೆಹಾನಾನೇ. ಅತ್ತಿರಲಿಲ್ಲ. ಸಾರು ಸಾಕೇ ಎಂದು ಕೇಳಿದಳು.

೪ ಡಿಸೆಂಬರ್, ಸೋಮವಾರ

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿಗಳನ್ನು ಸಿದ್ಧಮಾಡುತ್ತಿದ್ದೇವೆ. ಅಕ್ಕಯಮ್ಮನದು ಇಲ್ಲ. ಗುರುಪಾದಪ್ಪನವರು ಚಹಾ ಹೀರುತ್ತಾ, "ಒಂದ್ ಲೆಕ್ಕದಲ್ಲಿ ಒಳ್ಳೇದೇ ಆಯ್ತು ಬಿಡಿ ಸಾರ್. ಇನ್ನು ರೆಹಾನಾಗೆ ಎದುರೇ ಇಲ್ಲ. ಸ್ಕೂಲಿಗೆ ಫಸ್ಟ್ ಗ್ಯಾರಂಟಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು, ಅವರಲ್ಲಿ ಕೊಂಕು ಇಲ್ಲ.

ನನ್ನ ಚಹಾ ಆರಿಹೋಯಿತು. ಊರಿನವರೂ ಹೀಗೇ ಅಂದುಕೊಂಡಿರಬಹುದೇ? ಮಗಳು ಮೊದಲು ಬರಲಿ ಎಂದು ಮೇಷ್ಟ್ರು ಸುಮ್ಮನಿದ್ದಾರೆ ಎಂದು? ನನ್ನ ಮನಸ್ಸಿನಲ್ಲಿ ಅಂಥ ಯೋಚನೆ ಇರಲಿಲ್ಲ.

೫ ಡಿಸೆಂಬರ್

ಇರಲಿಲ್ಲ.

೧೧ ಡಿಸೆಂಬರ್

ರೆಹಾನಾ ಆಫೀಸಿನ ಬಾಗಿಲಲ್ಲಿ ನಿಂತು "ಒಳಗೆ ಬರ್ಲಾ ಸಾರ್?" ಅಂದಳು. ಕೈಯಲ್ಲಿ ಅಕ್ಕಯಮ್ಮನ ಪರೀಕ್ಷೆಯ ಅರ್ಜಿ. ಗುಮಾಸ್ತ ವಾಜಿದನ ಹತ್ತಿರ ಖಾಲಿ ಅರ್ಜಿ ಕೇಳಿ ತೆಗೆದುಕೊಂಡಿದ್ದಾಳೆ. ಮುನಿಕೃಷ್ಣಪ್ಪನ ಸಹಿ ಮಾಡಿಸಿದ್ದಾಳೆ. ಫೀಸನ್ನು ಯಲ್ಲಮ್ಮ ಮಲಗಿದಲ್ಲಿಂದಲೇ ದಿಂಬಿನ ಅಡಿಯಿಂದ ತೆಗೆದು ಕೊಟ್ಟಳಂತೆ.

"ಪರೀಕ್ಷೆಗೆ ಕಳಿಸ್ತಾರಾ?"

"ಗೊತ್ತಿಲ್ಲ ಸಾರ್. ಅರ್ಜಿ ಹೋಗಿರ್ಲಿ ಅಂತ."

ಸಹಿ ಇದೆ, ಫೀಸು ಇದೆ. ಕಳಿಸದಿರಲು ಕಾರಣವಿಲ್ಲ. ಉಳಿದವರ ಅರ್ಜಿಗಳ ಜೊತೆಗೆ ಕಳಿಸಿದೆ. ಇದರಲ್ಲಿ ನಾನು ಮಾಡಿದ್ದು ಏನೂ ಇಲ್ಲ.

೧೮ ಜನವರಿ ೧೯೭೯

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ರೆಹಾನಾಳಿಗೆ ಗಣಿತದಲ್ಲಿ ಎಪ್ಪತ್ತೊಂದು. ಈ ಶಾಲೆಗೆ ಸೇರಿದ ಮೇಲೆ ಇಷ್ಟು ಕಡಿಮೆ ತೆಗೆದದ್ದು ಇದೇ ಮೊದಲು. ಒಂದು ತಿಂಗಳಿಂದ ಸಂಜೆ ತಡವಾಗಿ ಮನೆಗೆ ಬರುತ್ತಿದ್ದಾಳೆ. ಅಮ್ಮನಿಗೆ ಗೊತ್ತಿದೆ, ನನಗೆ ಹೇಳುತ್ತಿಲ್ಲ. "ಮುನಿಕೃಷ್ಣಪ್ಪನ ಮನೆಗಾ?" ಎಂದು ಕೇಳಿದರೆ ಜೈಬುನ್ನೀಸಾ ಈರುಳ್ಳಿ ಹೆಚ್ಚುತ್ತಾ ಕೂತಳು. ನಾಳೆ ಹೋಗಿ ಇದನ್ನು ನಿಲ್ಲಿಸುತ್ತೇನೆ.

೧೯ ಜನವರಿ, ಶುಕ್ರವಾರ

ಹೋದೆ.

ಮುನಿಕೃಷ್ಣಪ್ಪನ ಮನೆ ಊರಾಚೆ, ತೋಟದ ತಲೆಯಲ್ಲಿದೆ. ಅಂಗಳದಲ್ಲಿ ಹುಲ್ಲಿನ ಮೆದೆ, ಅದರಾಚೆ ಕೊಟ್ಟಿಗೆ. ಮಾತು ಕೇಳಿಸಿತು, ಮೆದೆಯ ಈಚೆಯೇ ನಿಂತೆ. ಕೋಪದಿಂದ ಹೋದವನು ಯಾಕೆ ನಿಂತೆನೋ.

ಕೊಟ್ಟಿಗೆಯ ಜಗಲಿಯ ಮೇಲೆ ಅಕ್ಕಯಮ್ಮ ಪುಸ್ತಕ ಹಿಡಿದು ಕೂತಿದ್ದಳು. ನನ್ನ ಮಗಳು ಶಾಲೆಯ ಲಂಗವನ್ನು ಮೇಲೆ ಸಿಕ್ಕಿಸಿಕೊಂಡು ಹಸುಗಳಿಗೆ ಹುಲ್ಲು ಹಾಕುತ್ತಿದ್ದಳು. ಹಾಕುತ್ತಲೇ ವೃತ್ತದ ಪ್ರಮೇಯ ಕೇಳುತ್ತಿದ್ದಳು. ಆ ಹುಡುಗಿ ಒಂದು ಕಡೆ ತಡೆದಳು. ರೆಹಾನಾ ಹುಲ್ಲು ಕೆಳಗಿಟ್ಟು, ಹತ್ತಿರ ಬಂದು, ನೆಲದ ಮಣ್ಣಿನಲ್ಲಿ ಬೆರಳಿನಿಂದ ವೃತ್ತ ಎಳೆದಳು. "ಮೊದಲು ನಿನಗೇನು ಗೊತ್ತು, ಅದನ್ನು ಹೇಳು. ಗೊತ್ತಿಲ್ಲದ್ದು ತಾನಾಗೇ ಹಿಂದೆ ಬರುತ್ತೆ." ಅದು ನನ್ನ ಮಾತು. ಇಪ್ಪತ್ತು ವರ್ಷದಿಂದ ಎಲ್ಲ ತರಗತಿಗಳಲ್ಲಿ ನಾನು ಹೇಳಿಕೊಂಡು ಬಂದ ಮಾತು. ಆದರೆ ನಾನು ಹೇಳುವಾಗ ಕೈಯಲ್ಲಿ ಬೆತ್ತ ಇರುತ್ತದೆ, ಮಕ್ಕಳು ಹೆದರಿ ಇನ್ನಷ್ಟು ಮರೆಯುತ್ತಾರೆ. ಅಕ್ಕಯಮ್ಮ ನಗುತ್ತಾ ಹೇಳಿದಳು, ಪ್ರಮೇಯ ಪೂರ್ತಿ ಮುಗಿಸಿದಳು.

ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಬೆನ್ನ ಹಿಂದೆ ದನಿ ಬಂತು.

"ಅಯ್ಯೋ, ಎಡ್‌ಮೇಷ್ಟ್ರು! ಉಲ್ಲಿನ ಮೆದೆ ಸಂದೀಲಿ ಏನ್ ಮಾಡ್ತಾ ಇದ್ದೀರಾ ಸ್ವಾಮಿ?"

ಮುನಿಕೃಷ್ಣಪ್ಪ. ಹುಡುಗಿಯರಿಬ್ಬರೂ ಎದ್ದು ನಿಂತರು. ರೆಹಾನಾ ಲಂಗ ಇಳಿಬಿಟ್ಟಳು. ನಾನು ಪಂಚೆಗೆ ಅಂಟಿದ ಹುಲ್ಲು ಕೊಡವಿಕೊಂಡೆ.

"ನಿಮ್ಮ ಮಗಳ ವಿಷಯ ಮಾತಾಡೋಣ ಅಂತ ಬಂದೆ" ಅಂದೆ. ಬಂದದ್ದು ನನ್ನ ಮಗಳ ವಿಷಯಕ್ಕೆ. ಬಾಯಿಗೆ ಬಂದದ್ದು ಇದು.

ಅವನು ಜಗಲಿಯ ಮೇಲೆ ಕೂತು ಟವಲಿನಿಂದ ಮುಖ ಒರೆಸಿಕೊಂಡ. "ನಾನೇನ್ ಓದ್ಬೇಡ ಅಂದ್ನಾ ಸ್ವಾಮಿ? ಅವ್ರಮ್ಮಂಗೆ ಇಂಗಾಗೋಯ್ತು. ಅಸ ಕರೆಯೋರ್ಯಾರು, ಇಟ್ಟು ಬೇಯ್ಸೋರ್ಯಾರು? ಎಂಗೂ ಮನೇಲೇ ಅವ್ಳೆ, ಯುಗಾದಿ ಆಗ್ಲಿ, ಅವ್ರ ಸೋದರಮಾವ ಪಿಳ್ಳಣ್ಣಂಗೆ ಕೊಟ್ಬಿಡಾನ ಅಂತ. ನಿಮ್ ಮಗ್ಳು ಬಂದು ಇವ್ಳ ತಲೆ ಕೆಡುಸ್ತಾವ್ಳೆ ಅಂತ ಊರೋರು ಅಂತಾರೆ. ನಾನ್ ಅನ್ನಾಕಿಲ್ಲ. ಮೊದ್ಲು ಜಗ್ಲಿ ಮ್ಯಾಗೇ ಕುಂತು ಓಗ್ತಿತ್ತು ಆ ಮಗಾ. ಈಗ ಇವ್ಳೇ ಒಳೀಕ್ ಕರ್ದು ತಲೆ ಬಾಚುಸ್ಕೊತಾಳೆ."

ಕೊನೆಗೆ ಹೇಳಿದ 'ಇವಳು' ಎಂದರೆ ಒಳಗೆ ಮಲಗಿದ್ದ ಯಲ್ಲಮ್ಮ.

ನಾನು ಬುದ್ಧಿ ಹೇಳಲಿಲ್ಲ. ವಿದ್ಯೆಯ ಮಹತ್ವ ಅದು ಇದು ಎಂದು ಶುರುಮಾಡಿದರೆ ನನಗೇ ಬೇಸರವಾಗುತ್ತದೆ. "ಬೆಳಿಗ್ಗೆ ಬೇಡ. ಹಾಲು ಡೈರಿಗೆ ಹಾಕಿ, ಅಡಿಗೆ ಮುಗಿಸಿದ ಮೇಲೆ ಬರಲಿ. ಗಣಿತ, ವಿಜ್ಞಾನದ ಸ್ಪೆಷಲ್ ಕ್ಲಾಸುಗಳನ್ನು ಮಧ್ಯಾಹ್ನಕ್ಕೆ ಹಾಕಿಸ್ತೀನಿ. ಸಂಜೆ ಹಾಲು ಕರೆಯೋ ಹೊತ್ತಿಗೆ ಮನೇಲಿರ್ತಾಳೆ" ಅಂದೆ.

"ನೋಡಾನ" ಅಂದ ಮುನಿಕೃಷ್ಣಪ್ಪ.

ಒಳಗಿನಿಂದ ಯಲ್ಲಮ್ಮನ ದನಿ ಬಂತು. "ನೋಡೋದೇನೈತೆ? ಕಳ್ಸು."

ವಾಪಸು ಬರುವಾಗ ರೆಹಾನಾ ನನ್ನ ಪಕ್ಕ ನಡೆಯುತ್ತಿದ್ದಳು. ಬೈಗುಳಕ್ಕೆ ಕಾಯುತ್ತಿದ್ದಳು ಎಂದು ಕಾಣುತ್ತದೆ. ಕೆರೆ ಏರಿ ಹತ್ತಿದ ಮೇಲೆ ಕೇಳಿದೆ, "ಎಪ್ಪತ್ತೊಂದು ಯಾಕಾಯ್ತು?"

"ಅವಳಿಗೆ ಹೇಳಿಕೊಡೋಕೆ ಹೋದ್ಮೇಲೆ ಗೊತ್ತಾಯ್ತು ಅಬ್ಬಾ, ನಾನು ಎಷ್ಟೋ ಪ್ರಮೇಯ ಬಾಯಿಪಾಠ ಮಾಡಿದ್ದೆ ಅಂತ. ಪರೀಕ್ಷೇಲಿ ಬಾಯಿಪಾಠ ಬೇಡ, ಅರ್ಥ ಮಾಡ್ಕೊಂಡು ಬರೀತೀನಿ ಅಂತ ಹೊರಟೆ. ಅರ್ಧ ದಾರೀಲಿ ಟೈಮ್ ಮುಗೀತು."

ಗಣಿತದ ಮೇಷ್ಟರ ಮಗಳು ಮೂರು ವರ್ಷ ಬಾಯಿಪಾಠ ಮಾಡಿದ್ದಾಳೆ, ಮೇಷ್ಟರಿಗೆ ಗೊತ್ತಾಗಿಲ್ಲ. ನಗು ಬಂತು. ಕತ್ತಲಾಗುತ್ತಿತ್ತು, ಅವಳಿಗೆ ಕಾಣಲಿಲ್ಲ ಅಂದುಕೊಂಡೆ. "ನಗ್ತಿದ್ದೀರಾ?" ಎಂದು ಕೇಳಿಯೇ ಬಿಟ್ಟಳು.

೫ ಫೆಬ್ರವರಿ, ಸೋಮವಾರ

ಅಕ್ಕಯಮ್ಮನಿಗೆ ಹಾಜರಿ ಸಾಲದು. ಮೇಲಿನವರ ಮಾಫಿ ಬೇಕು. ಬಸ್ಸು ಹಿಡಿದು ಶಿವಾಜಿನಗರಕ್ಕೆ ಹೋಗಿ, ಅಲ್ಲಿಂದ ಇಲಾಖೆಯ ಆಫೀಸಿಗೆ ಹೋದೆ. ಇಷ್ಟು ವರ್ಷ ಸರ್ವಿಸ್ಸಿನಲ್ಲಿ ಯಾರ ಮೇಜಿನ ಮುಂದೆಯೂ ಏನನ್ನೂ ಕೇಳಿ ನಿಂತವನಲ್ಲ. ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರಿಸಿದರು.

"ಇಷ್ಟು ದೂರ ಖುದ್ದಾಗಿ ಬಂದಿದ್ದೀರಲ್ಲ. ನಿಮ್ಮ ಕಡೆಯ ಹುಡುಗಿಯೇನ್ರೀ?" ಎಂದು ಕೇಳಿದರು ಅಧಿಕಾರಿಗಳು.

"ಅಲ್ಲ ಸಾರ್, ನನ್ನ ಮಗಳ ಸ್ನೇಹಿತೆ."

ನನ್ನ ವಿದ್ಯಾರ್ಥಿನಿ ಎಂದು ಹೇಳಬೇಕೆಂದುಕೊಂಡು ಹೋಗಿದ್ದೆ. ಅವರು ನಕ್ಕು, ತಾಯಿಯ ವೈದ್ಯರ ಚೀಟಿ ನೋಡಿ, ರುಜು ಹಾಕಿದರು.

೨೧ ಫೆಬ್ರವರಿ

ಮಧ್ಯಾಹ್ನದ ಸ್ಪೆಷಲ್ ಕ್ಲಾಸಿಗೆ ಅಕ್ಕಯಮ್ಮ ತಪ್ಪದೆ ಬರುತ್ತಿದ್ದಾಳೆ. ಕೈಗೆ ಸಗಣಿಯ ವಾಸನೆ ಇದೆಯೆಂದು ಹಿಂದೆ ಕೂರಲು ಹೊರಟಳು. ರೆಹಾನಾ ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಇವತ್ತು ಹುಡುಗರಿಗೆ ಒಂದು ಲೆಕ್ಕ ನಾನು ಎರಡು ಸಲ ಹೇಳಿದರೂ ತಲೆಗೆ ಹೋಗಲಿಲ್ಲ. ಸೀಮೆಸುಣ್ಣವನ್ನು ರೆಹಾನಾಳ ಕೈಗೆ ಕೊಟ್ಟು, ಹೋಗಿ ಕಿಟಕಿ ಪಕ್ಕದ ಅವಳ ಜಾಗದಲ್ಲಿ ಕೂತೆ. ಅಲ್ಲಿಂದ ಬೋರ್ಡಿನ ಎಡಗಡೆಯ ಅರ್ಧ ಬಿಸಿಲಿಗೆ ಹೊಳೆಯುತ್ತದೆ, ಏನೂ ಕಾಣುವುದಿಲ್ಲ. ಮೂರು ವರ್ಷ ಅವಳು ಹೇಳಿಯೇ ಇಲ್ಲ.

ನಾಳೆ ಬೋರ್ಡನ್ನು ಈಚೆ ಸರಿಸಲು ಹೇಳಬೇಕು.

೧೦ ಮಾರ್ಚ್

ಆರ್.ಟಿ. ನಗರದಿಂದ ನಾದಿನಿ ಫಖ್ರುನ್ನೀಸಾ ಬಂದಿದ್ದಳು. ಪರೀಕ್ಷೆ ಮುಗಿದ ಮೇಲೆ ರೆಹಾನಾ ಪಿಯುಸಿಗೆ ಅವಳ ಮನೆಯಲ್ಲಿದ್ದು ಮಲ್ಲೇಶ್ವರದ ಕಾಲೇಜಿಗೆ ಹೋಗುವುದೆಂದು ತೀರ್ಮಾನವಾಯಿತು. ನಾನೇ ಬಯಸಿದ್ದು ಇದು. ಇಲ್ಲಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವುದು ಆಗದ ಮಾತು.

ಅಕ್ಕತಂಗಿಯರು ಒಳಗೆ ರಜಾಯಿಗೆ ಹತ್ತಿ ತುಂಬುವ ಮಾತಾಡುತ್ತಿದ್ದರು. ಜೈಬುನ್ನೀಸಾಳ ದನಿ ಆಗಾಗ ಒಡೆಯುತ್ತಿತ್ತು. ನಾನು ಹೊರಗೆ ಹೋಗಿ ಸೈಕಲ್ಲಿಗೆ ಎಣ್ಣೆ ಬಿಟ್ಟೆ. ಅದಕ್ಕೆ ಎಣ್ಣೆ ಬೇಕಾಗಿರಲಿಲ್ಲ.

೨೪ ಮಾರ್ಚ್, ಶನಿವಾರ

ಹತ್ತನೆಯ ತರಗತಿಯ ಬೀಳ್ಕೊಡುಗೆ. ಪ್ರತಿ ವರ್ಷ ನಾನು ಮಾಡುವ ಭಾಷಣ ಒಂದೇ. ಬಾಯಿಗೆ ತಾನಾಗಿ ಬರುತ್ತದೆ. "ನೀವು ಎಲ್ಲಿಗೆ ಹೋದರೂ ಈ ಶಾಲೆಯ ಬಾಗಿಲು" ಎಂಬಲ್ಲಿಗೆ ಬಂದಾಗ ರೆಹಾನಾ ಕಣ್ಣಿಗೆ ಬಿದ್ದಳು. ಅಮ್ಮನ ಹಸಿರು ದಾವಣಿ ಹಾಕಿಕೊಂಡಿದ್ದಳು. ಮುಂದಿನ ಮಾತು ಬರಲಿಲ್ಲ. ಮೇಷ್ಟ್ರು ಮರೆತರು ಎಂದು ಹುಡುಗರು ಚಪ್ಪಾಳೆ ತಟ್ಟಿ ಕಾಪಾಡಿದರು.

ವಿದ್ಯಾರ್ಥಿಗಳ ಪರವಾಗಿ ಅವಳು ಮಾತಾಡಿದಳು. "ಹೆಡ್‌ಮಾಸ್ಟರ ಮಗಳಾಗಿದ್ದಕ್ಕೆ ನನಗೆ ಏನು ಲಾಭ ಆಯ್ತು ಅಂತ ಎಲ್ಲರೂ ಕೇಳ್ತಾರೆ. ಆಗಿದೆ. ನಿಮ್ಮೆಲ್ಲರಿಗಿಂತ ಎರಡು ಏಟು ಜಾಸ್ತಿ ಸಿಕ್ಕಿದೆ." ಶಾಲೆಯೇ ನಕ್ಕಿತು. ಗುರುಪಾದಪ್ಪನವರಂತೂ ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಅವಳು ದನಿ ತಗ್ಗಿಸಿ, "ನಮ್ಮ ಸಾರ್ ಒಬ್ಬ ಹುಡುಗಿಗೋಸ್ಕರ ಇಡೀ ಟೈಮ್‌ಟೇಬಲ್ ಬದಲಾಯಿಸಿದ್ರು. ನಿಮ್ಮ ಪಕ್ಕದ ಬೆಂಚು ಖಾಲಿಯಾದ್ರೆ ನೀವೂ ಎದ್ದು ಕೇಳಿ" ಅಂದಳು.

ಬೆಂಚಿನ ಮೇಲೆ ನಿಲ್ಲಿಸಿದ್ದನ್ನು ಹೇಳಲಿಲ್ಲ. ಹೇಳಿದ್ದರೆ ನಾನು ತಡೆಯುತ್ತಿರಲಿಲ್ಲ.

೩೦ ಮಾರ್ಚ್

ಯುಗಾದಿಗೆ ಪಿಳ್ಳಣ್ಣ ಬಂದಿದ್ದನಂತೆ. ಮದುವೆಯ ಮಾತು ಎತ್ತುತ್ತಾನೆಂದು ಹುಡುಗಿಯರಿಬ್ಬರೂ ಎರಡು ದಿನ ಸರಿಯಾಗಿ ಓದಿರಲಿಲ್ಲ. ರೆಹಾನಾ ಹೋಳಿಗೆ ಹಿಡಿದುಕೊಂಡು ಓಡಿಬಂದು ಹೇಳಿದಳು. "ಪರೀಕ್ಸೆ ಮುಗೀಲಿ ಬಿಡು ಬಾವ. ನಾನೇನ್ ಎಲ್ಲಾದ್ರೂ ಓಡೋಗ್ತೀನಾ" ಅಂದನಂತೆ. ಅವನ ಮಾತಿನ ಧಾಟಿಯನ್ನು ಹಾಗೇ ಮಾಡಿ ತೋರಿಸಿದಳು. ಜೈಬುನ್ನೀಸಾ ಎಷ್ಟೋ ದಿನಗಳ ಮೇಲೆ ನಕ್ಕಳು.

೪ ಏಪ್ರಿಲ್, ಬುಧವಾರ

ಗಣಿತದ ಪರೀಕ್ಷೆ. ಕೇಂದ್ರ ಇರುವುದು ಯಲಹಂಕದಲ್ಲಿ. ಬೆಳಗಿನ ಬಸ್ಸು ಬರಲಿಲ್ಲ. ಹಳ್ಳಿಯ ಮಕ್ಕಳೆಲ್ಲ ರಸ್ತೆಯಲ್ಲಿ ನಿಂತು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಒಬ್ಬ ಹುಡುಗ ಅಳಲು ಶುರುಮಾಡಿದ. ನಾನು ಬಸ್ ಡಿಪೋದ ಕಂಟ್ರೋಲರಿಗೆ ಫೋನು ಮಾಡಲು ಅಂಚೆ ಕಛೇರಿಗೆ ಓಡಿದೆ. ಬಾಗಿಲು ತೆರೆದಿರಲಿಲ್ಲ.

ತಿರುಗಿ ಬರುವಷ್ಟರಲ್ಲಿ ರಸ್ತೆಗೆ ಅಡ್ಡವಾಗಿ ಡೈರಿಯ ಹಾಲಿನ ವ್ಯಾನು ನಿಂತಿತ್ತು. ಅದರ ಮುಂದೆ ಕೈ ಚಾಚಿ ನಿಂತವರು ರೆಹಾನಾ ಮತ್ತು ಅಕ್ಕಯಮ್ಮ. "ದಿನಾ ನಮ್ಮನೆ ಹಾಲು ತಗೊಂಡು ಓಗ್ತೀಯಲ್ಲಣ್ಣ, ಇವತ್ತು ನಮ್ಮನ್ನೂ ತಗೊಂಡೋಗು" ಎಂದು ಅಕ್ಕಯಮ್ಮ ಡ್ರೈವರಿಗೆ ಹೇಳುತ್ತಿದ್ದಳು. ಮಕ್ಕಳೆಲ್ಲ ಕ್ಯಾನುಗಳ ನಡುವೆ ಹತ್ತಿ ನಿಂತರು. ನಾನೂ ಹತ್ತಿದೆ. ರೆಹಾನಾ ದಾರಿಯುದ್ದಕ್ಕೂ ಅಳುತ್ತಿದ್ದ ಹುಡುಗನಿಗೆ ಸೂತ್ರಗಳನ್ನು ಹೇಳಿಸಿದಳು. ನಾನು ಅವಳಿಗೆ ಹೇಳಬೇಕೆಂದಿದ್ದ ಕಿವಿಮಾತುಗಳೆಲ್ಲ ನನ್ನಲ್ಲೇ ಉಳಿದವು. ಅವಳಿಗೆ ಬೇಕಾಗಿಯೂ ಇರಲಿಲ್ಲ.

ಗಂಟೆಗೆ ಸರಿಯಾಗಿ ಒಳಗೆ ಹೋದರು. ಹಾಲಿನ ವಾಸನೆ ಹೊತ್ತುಕೊಂಡು.

೧೩ ಏಪ್ರಿಲ್

ಪರೀಕ್ಷೆ ಮುಗಿಯಿತು. ರೆಹಾನಾ ಇಡೀ ದಿನ ಮಲಗಿದ್ದಳು.

೨೯ ಮೇ, ಮಂಗಳವಾರ

ಫಲಿತಾಂಶ.

ಶಾಲೆಗೆ ಮೊದಲು ಅಕ್ಕಯಮ್ಮ. ಎರಡನೆಯವಳು ರೆಹಾನಾ. ಇಬ್ಬರಿಗೂ ಫಸ್ಟ್ ಕ್ಲಾಸ್.

ಅಂಕಪಟ್ಟಿ ನೋಡಿ ರೆಹಾನಾ ಮೊದಲು ಓದಿದ್ದು ತನ್ನದನ್ನಲ್ಲ. ಒಮ್ಮೆ ಕಿರುಚಿದಳು, ಚಪ್ಪಲಿಯನ್ನೂ ಹಾಕಿಕೊಳ್ಳದೆ ತೋ‌ಟದ ಕಡೆ ಓಡಿದಳು. ಆಫೀಸಿನಲ್ಲಿದ್ದವರೆಲ್ಲ ನನ್ನ ಮುಖ ನೋಡುತ್ತಿದ್ದರು. ವಾಜಿದ್ ಮೆಲ್ಲಗೆ, "ಸ್ವಲ್ಪದ್ರಲ್ಲಿ ಹೋಯ್ತು ಸಾರ್" ಅಂದ.

"ಏನು ಹೋಯ್ತು?" ಅಂದೆ. ನಿಜವಾಗಿ ನನಗೆ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು.

ಸಂಜೆ ಮುನಿಕೃಷ್ಣಪ್ಪ ಬಂದ. ಹಿಂದೆಯೇ ಯಲ್ಲಮ್ಮ, ಕೋಲು ಊರಿಕೊಂಡು ನಿಧಾನವಾಗಿ. ಅವಳು ಅಷ್ಟು ದೂರ ನಡೆದು ಬಂದದ್ದು ಬಿದ್ದ ಮೇಲೆ ಇದೇ ಮೊದಲಂತೆ. ಜೈಬುನ್ನೀಸಾ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಮಂಚದ ಮೇಲೆ ಕೂರಿಸಿದಳು. ಒಬ್ಬಳ ಕನ್ನಡ ಇನ್ನೊಬ್ಬಳಿಗೆ ಅರ್ಧ ಅರ್ಥವಾಗುತ್ತಿತ್ತು, ಆದರೂ ಇಬ್ಬರೂ ಬಹಳ ಹೊತ್ತು ಮಾತಾಡಿದರು.

"ಪಿಳ್ಳಣ್ಣ ಏನಂತಾನೆ?" ಎಂದು ಕೇಳಿದೆ.

"ಅವ್ನು ಒಲ್ಲೆ ಅಂತವ್ನೆ ಸ್ವಾಮಿ! ಪಸ್ಟ್ ಕ್ಲಾಸ್ ಎಂಡ್ತಿ ಕಟ್ಕೊಂಡ್ರೆ ದಿನಾ ನಂಗೇ ಪಾಠ ಏಳ್ತಾಳೆ, ನನ್ ಕೈಲಾಗಾಕಿಲ್ಲ ಅಂತ. ಯಲಹಂಕದ ಕಾಲೇಜಿಗೆ ಸೇರ್ಸಾನ ಅಂತಿದೀನಿ. ಬೆಳಿಗ್ಗೆ ಅಸ ನಾನೇ ಕರ್ಕೊಂತೀನಿ."

ಯಲ್ಲಮ್ಮ ಹೊರಡುವಾಗ ರೆಹಾನಾಳ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದಳು. ನನ್ನ ಕಡೆ ತಿರುಗಿ, "ಮಗ್ಳು ಅಂದ್ರೆ ಇದು" ಅಂದಳು.

ಈಗ ಇದನ್ನು ಬರೆಯುತ್ತಿರುವಾಗಲೂ ಪಕ್ಕದ ಮನೆಯ ಗುಲಾಮ್ ರಸೂಲರು ಬಂದು ಕೇಳಿದರು, ಮಗಳದು ಏನಾಯ್ತು ಎಂದು. "ಎರಡನೆಯವಳು!" ಎಂದು ಎಷ್ಟು ಜೋರಾಗಿ ಹೇಳಿದೆನೆಂದರೆ ಒಳಗಿನಿಂದ ರೆಹಾನಾ ನಕ್ಕಳು.

೧೮ ಜೂನ್, ಸೋಮವಾರ

ರೆಹಾನಾಳನ್ನು ಆರ್.ಟಿ. ನಗರದಲ್ಲಿ ಬಿಟ್ಟು ಬಂದೆ. ಫಖ್ರುನ್ನೀಸಾ ಮಹಡಿಯ ಕೋಣೆ ಕೊಟ್ಟಿದ್ದಾಳೆ, ಗಾಳಿ ಬೆಳಕು ಚೆನ್ನಾಗಿದೆ. ಹೊರಡುವಾಗ ಅವಳಿಗೆ ಏನೇನೋ ಹೇಳಬೇಕೆಂದುಕೊಂಡಿದ್ದೆ. "ಕಿಟಕಿ ಪಕ್ಕ ಕೂರಬೇಡ, ಬೋರ್ಡು ಕಾಣಲ್ಲ" ಅಂದೆ. ಅವಳು ನನ್ನ ತೋಳಿಗೆ ಹಣೆ ಒತ್ತಿಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ, "ಅಬ್ಬಾ, ಬಸ್ ತಪ್ಪಿ ಹೋಗುತ್ತೆ" ಅಂದಳು.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಹೆಬ್ಬಾಳದ ಕೆರೆ ದಾಟುವವರೆಗೂ ಹೊರಗೇ ನೋಡುತ್ತಿದ್ದೆ. ಕಂಡಕ್ಟರು ಎರಡು ಸಲ ಟಿಕೆಟ್ ಕೇಳಿದನಂತೆ.

ಜೈಬುನ್ನೀಸಾ ಅಭ್ಯಾಸಬಲದಿಂದ ಮೂರು ತಟ್ಟೆ ಹಾಕಿದ್ದಳು. ತೆಗೆಯಲಿಲ್ಲ. ಹಾಗೇ ಊಟ ಮಾಡಿದೆವು.

೧೨ ಜುಲೈ, ಗುರುವಾರ

ಕೆಲವು ದಿನ ಬರೆಯಲಿಲ್ಲ. ಹೊಸ ಮಕ್ಕಳ ಗಲಾಟೆ, ಪುಸ್ತಕಗಳು ಬಂದಿಲ್ಲ, ಚಾವಣಿಯ ಹೆಂಚು ಒಡೆದಿದೆ.

ಒಂಬತ್ತನೆಯ ತರಗತಿಯ ವೆಂಕಟಲಕ್ಷ್ಮಿ ಸೋಮವಾರದಿಂದ ಬಂದಿಲ್ಲ. ಹಾಜರಿ ಪುಸ್ತಕ ಮುಚ್ಚುತ್ತಾ ವಾಜಿದ್, "ಇನ್ನೊಂದು ವಾರ ನೋಡಿ ಚೀಟಿ ಕಳಿಸೋಣ ಸಾರ್" ಅಂದ. ಮಧ್ಯಾಹ್ನ ಗಂಟೆ ಬಾರಿಸಿದ ಮೇಲೆ ಸೈಕಲ್ ತೆಗೆದುಕೊಂಡು ಹೊರಟೆ.

ಮನೆ ಊರಿನ ಆ ತುದಿಯಲ್ಲಿ. ಬಾಗಿಲಲ್ಲಿ ಒಬ್ಬ ಮುದುಕಿ ರಾಗಿ ಕೇರುತ್ತಿದ್ದಳು. ಸೈಕಲ್ಲನ್ನೂ ನನ್ನ ಟೋಪಿಯನ್ನೂ ಕಣ್ಣು ಕಿರಿದು ಮಾಡಿ ನೋಡಿದಳು. ಈ ಊರಿಗೆ ನಾನು ಎಷ್ಟು ವರ್ಷದ ಹೆಡ್‌ಮಾಸ್ಟರು ಎಂಬುದು ಅವಳಿಗೇನೂ ತಿಳಿದಂತೆ ಕಾಣಲಿಲ್ಲ. ಹೆಸರು ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅವಳ ಮುಖ ಅರಳಿತು. ಒಳಗೆ ತಿರುಗಿ ಕೂಗಿದಳು.

"ಲೇ ಯಂಕಟ್ಲಕ್ಷ್ಮಿ, ಈಚೀಕ್ ಬಾರೇ! ರೇಹಾನಮ್ಮನ ಅಪ್ಪ ಬಂದವ್ರೆ."

ಅವಳು ಮೊರವನ್ನು ಪಕ್ಕಕ್ಕಿಟ್ಟು ಚಾಪೆ ಹಾಸಿದಳು.

"ಹೌದಮ್ಮ, ಅವಳಪ್ಪನೇ" ಎಂದು ಹೇಳಿ, ಕೂತೆ.